ಆಡಿದ ಮಾತು, ಬೇಡಿದ ಮತ

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮ ಹಿರಿಯರು ಎಚ್ಚರಿಸಿದ್ದಾರೆ. ರಾಜಕಾರಣಿಗಳು ಈ ಗಾದೆಯ ಮೊದಲ ಅರ್ಧವನ್ನು ತಮ್ಮ ಅನುಕೂಲಕ್ಕೆ ತಕ್ಕಂತೆ ಅರ್ಥಮಾಡಿಕೊಂಡವರು. ಆಡಿದರೆ ಹೋಯಿತು, ಅಂದರೆ ಗಾಳಿಯಲ್ಲಿ ಹೋಯಿತು, ಇನ್ನು ಅದರ ಲೆಕ್ಕ ಕೇಳುವವರಿಲ್ಲ ಎಂಬುದು ಅವರ ಭಾಷ್ಯ. ಆದರೆ ಯಾವ ಜನರನ್ನು ಹಳಿದು ಒಬ್ಬಾತ ಅಧಿಕಾರದ ಗದ್ದುಗೆ ಏರಿದನೋ, ಇಪ್ಪತ್ತು ವರ್ಷಗಳ ಮೇಲೆ ಅದೇ ಜನರ ಬಾಗಿಲಿಗೆ ಮತ ಬೇಡಿಕೊಂಡು ಹೋಗಬೇಕಾಗಿ ಬಂದರೆ ಏನಾದೀತು? ಇದು ಕಥೆಗಾರರ ಕಲ್ಪನೆಯಲ್ಲ. ಅಮೆರಿಕದ ದಕ್ಷಿಣ ಭಾಗದಲ್ಲಿರುವ ಅಲಬಾಮ ರಾಜ್ಯದಲ್ಲಿ 1982ರಲ್ಲಿ ನಡೆದದ್ದು. ಆತನ ಹೆಸರು ಜಾರ್ಜ್ ವ್ಯಾಲೇಸ್. ಆ ದೇಶದಲ್ಲಿ ರಾಜ್ಯದ ಗವರ್ನರ್ ಎಂದರೆ ನಮ್ಮಲ್ಲಿಯಂತೆ ನೇಮಕಗೊಂಡು ಬರುವ ರಾಜ್ಯಪಾಲನಲ್ಲ, ಜನರಿಂದ ನೇರವಾಗಿ ಆಯ್ಕೆಯಾಗುವ ಆಡಳಿತದ ಮುಖ್ಯಸ್ಥ. ವ್ಯಾಲೇಸ್ ಆ ಸ್ಥಾನಕ್ಕೆ ನಾಲ್ಕು ಸಲ ಆಯ್ಕೆಯಾದ. ಮೊದಲ ಸಲದ ಗೆಲುವು ಕಪ್ಪು ಜನರ ವಿರುದ್ಧ; ಕೊನೆಯ ಸಲದ ಗೆಲುವು ಕಪ್ಪು ಜನರ ಮತದಿಂದ.

ಮೊದಲು ಆ ನಾಡಿನ ಸ್ಥಿತಿಯನ್ನು ನಾಲ್ಕು ಮಾತುಗಳಲ್ಲಿ ಹೇಳಬೇಕು. ಗುಲಾಮಗಿರಿ 1865ರಲ್ಲಿ ಕಾನೂನಿನಿಂದ ಅಳಿದಿತ್ತು. ಬಣ್ಣದ ಕಾರಣಕ್ಕಾಗಿ ಯಾರಿಗೂ ಮತದ ಹಕ್ಕನ್ನು ನಿರಾಕರಿಸಕೂಡದೆಂದು 1870ರ ಸಂವಿಧಾನ ತಿದ್ದುಪಡಿ ಸಾರಿತ್ತು. ಆದರೆ ಅಲಬಾಮ 1901ರಲ್ಲಿ ತನ್ನ ರಾಜ್ಯಕ್ಕಾಗಿ ಹೊಸ ಸಂವಿಧಾನವೊಂದನ್ನು ಬರೆದುಕೊಂಡು, ತಲೆಗಂದಾಯ, ಅಕ್ಷರ ಪರೀಕ್ಷೆ, ಆಸ್ತಿಯ ನಿಬಂಧನೆ ಮುಂತಾದ ಉಪಾಯಗಳಿಂದ ಕಪ್ಪು ಜನರನ್ನು ಮತದಾರರ ಪಟ್ಟಿಯಿಂದ ಹೊರಗಟ್ಟಿತು. ಪಟ್ಟಿಗೆ ಹೆಸರು ಸೇರಿಸಬೇಕೆಂದು ಬಂದವನು ನೋಂದಣಿ ಅಧಿಕಾರಿಯ ಮೇಜಿನ ಮುಂದೆ ನಿಂತು, ಸಂವಿಧಾನದ ಯಾವುದೋ ಮೂಲೆಯ ವಿಧಿಯ ಬಗೆಗೆ ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಉತ್ತರ ಸರಿಯೋ ತಪ್ಪೋ ಎಂದು ತೀರ್ಮಾನಿಸುವವನು ಅದೇ ಅಧಿಕಾರಿ, ಮತ್ತು ಆತ ಬಿಳಿಯ. ಸೆಲ್ಮಾ ಊರಿರುವ ಡಲಾಸ್ ಕೌಂಟಿಯಲ್ಲಿ ಈ ಕಚೇರಿ ತಿಂಗಳಿಗೆ ಎರಡೇ ದಿನ ತೆರೆಯುತ್ತಿತ್ತು. 1965ರ ಆರಂಭದಲ್ಲಿ ಅಲ್ಲಿ ಮತದಾನದ ವಯಸ್ಸಿಗೆ ಬಂದ ಕಪ್ಪು ಜನ ಸುಮಾರು 15,000. ಪಟ್ಟಿಯಲ್ಲಿದ್ದವರು ಮುನ್ನೂರು ಚಿಲ್ಲರೆ. ನೆರೆಯ ಲೌನ್ಸ್ ಕೌಂಟಿಯಲ್ಲಿ ಒಬ್ಬರ ಹೆಸರೂ ಇರಲಿಲ್ಲ. ಮತಪತ್ರದ ಮೇಲೆ ಅಲ್ಲಿನ ಡೆಮಾಕ್ರಟಿಕ್ ಪಕ್ಷದ ಚಿಹ್ನೆ ಒಂದು ಹುಂಜ. ಅದರ ಜೊತೆಗೆ ಬಿಳಿಯರ ಮೇಲ್ಮೆಯನ್ನು ಸಾರುವ ಘೋಷಣೆ. ಇಷ್ಟು ನೇರವಾಗಿ ತನ್ನ ಮನಸ್ಸನ್ನು ಮತಪತ್ರದ ಮೇಲೆಯೇ ಅಚ್ಚು ಹಾಕಿಸಿದ ಪಕ್ಷ ಇನ್ನೊಂದು ಇದ್ದಿರಲಾರದು.

ಆ ದಕ್ಷಿಣ ಸೀಮೆಯ ಬೇರ್ಪಾಡು ನಮ್ಮವರನ್ನೂ ಒಮ್ಮೆ ತಟ್ಟಿತ್ತು. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು 1941ರಲ್ಲಿ ಲೂಯಿಸಿಯಾನದಲ್ಲಿ ರೈಲು ಪ್ರಯಾಣ ಮಾಡುತ್ತಿದ್ದಾಗ, ಬಿಳಿಯರಿಗೆ ಮೀಸಲಾದ ಬೋಗಿಯಿಂದ ಎದ್ದುಹೋಗುವಂತೆ ಟಿಕೆಟ್ ತಪಾಸಣೆಯವನು ಹೇಳಿದ. ಇವರು ಭಾರತೀಯರೆಂದು ತಿಳಿದ ಮೇಲೆ ಆತ ತಡವರಿಸಿದ. ಆದರೆ ಕಮಲಾದೇವಿಯವರು ಆ ವಿನಾಯಿತಿಯ ಆಸರೆ ಪಡೆಯಲಿಲ್ಲ. ತಾನೂ ಬಣ್ಣದವಳೇ ಎಂದು ಹೇಳಿ, ಕುಳಿತ ಜಾಗದಿಂದ ಕದಲಲಿಲ್ಲ.

ಇನ್ನು ವ್ಯಾಲೇಸನ ವಿಷಯ. ಆತ ಹುಟ್ಟಿದ್ದು 1919ರಲ್ಲಿ, ಬಾರ್ಬರ್ ಕೌಂಟಿಯ ಕ್ಲಯೋ ಎಂಬ ಸಣ್ಣ ಊರಿನಲ್ಲಿ. ಸ್ವಾರಸ್ಯವೆಂದರೆ, ಮೊದಮೊದಲು ಆತ ಕಪ್ಪು ಜನರ ವೈರಿಯೆಂದು ಹೆಸರಾದವನಲ್ಲ. 1948ರಲ್ಲಿ ಡೆಮಾಕ್ರಟಿಕ್ ಪಕ್ಷದ ಮಹಾಧಿವೇಶನ ನಾಗರಿಕ ಹಕ್ಕುಗಳ ಪರವಾಗಿ ನಿರ್ಣಯ ಮಾಡಿದಾಗ ದಕ್ಷಿಣದ ಪ್ರತಿನಿಧಿಗಳು ಅನೇಕರು ಸಭೆಯಿಂದ ಎದ್ದು ಹೊರನಡೆದರು. ವ್ಯಾಲೇಸ್ ಅವರ ಜೊತೆ ಹೋಗಲಿಲ್ಲ. ಕಪ್ಪು ವಿದ್ಯಾರ್ಥಿಗಳಿಗಾಗಿ ಸ್ಥಾಪನೆಯಾದ ಟಸ್ಕೀಗಿ ಸಂಸ್ಥೆಯ ಆಡಳಿತ ಮಂಡಳಿಯಲ್ಲಿಯೂ ಆತ ಇದ್ದ. ಆಮೇಲೆ ನ್ಯಾಯಾಧೀಶನಾದ. ಸೆಲ್ಮಾದ ಕಪ್ಪು ವಕೀಲ ಜೆ. ಎಲ್. ಚೆಸ್ಟ್‌ನಟ್ ಅವರು ನೆನಪಿಸಿಕೊಂಡಿರುವ ಒಂದು ಸಂಗತಿಯಿದೆ: ಅಲಬಾಮದ ನ್ಯಾಯಾಲಯದಲ್ಲಿ ತಮ್ಮನ್ನು ಮೊದಲ ಬಾರಿಗೆ ‘ಮಿಸ್ಟರ್’ ಎಂದು ಗೌರವದಿಂದ ಕರೆದ ನ್ಯಾಯಾಧೀಶ ವ್ಯಾಲೇಸ್. ಬೆಳೆದ ಗಂಡಸನ್ನು ‘ಹುಡುಗ’ ಎಂದೇ ಕರೆಯುತ್ತಿದ್ದ ಕಾಲದಲ್ಲಿ ಆ ಒಂದು ಪದ ಸಣ್ಣದಾಗಿರಲಿಲ್ಲ.

1958ರಲ್ಲಿ ಆತ ಗವರ್ನರ್ ಪದವಿಗೆ ನಿಂತ. ಎದುರಾಳಿ ಜಾನ್ ಪ್ಯಾಟರ್ಸನ್‌ಗೆ ಕೂ ಕ್ಲಕ್ಸ್ ಕ್ಲಾನ್ ಎಂಬ ಬಿಳಿಯ ಉಗ್ರರ ಕೂಟದ ಬೆಂಬಲವಿತ್ತು. ಕಪ್ಪು ಜನರ ಹಕ್ಕಿಗಾಗಿ ಹೋರಾಡುತ್ತಿದ್ದ ಎನ್.ಎ.ಎ.ಸಿ.ಪಿ. ಸಂಸ್ಥೆಯ ಒಲವು ವ್ಯಾಲೇಸನ ಕಡೆಗಿತ್ತು. ವ್ಯಾಲೇಸ್ ಸೋತ. ಇನ್ನು ಮುಂದೆ ಕಪ್ಪು ಜನರನ್ನು ಬೈಯುವುದರಲ್ಲಿ ಯಾರೂ ತನ್ನನ್ನು ಮೀರಿಸುವಂತೆ ಬಿಡುವುದಿಲ್ಲವೆಂದು, ಇಲ್ಲಿ ಉಚ್ಚರಿಸಬಾರದ ಒಂದು ಪದವನ್ನು ಬಳಸಿ ಆತ ಶಪಥ ಮಾಡಿದನೆಂದು ಹತ್ತಿರದವರು ಹೇಳಿದ್ದಾರೆ. ಆತ ಅದನ್ನು ಅಲ್ಲಗಳೆಯುತ್ತ ಬಂದ. ಹೇಳಿದನೋ ಬಿಟ್ಟನೋ, ನಡೆದುಕೊಂಡದ್ದು ಮಾತ್ರ ಹಾಗೆಯೇ. ಹುಟ್ಟಿನಿಂದ ಕುರುಡು ದ್ವೇಷದಲ್ಲಿ ಬೆಳೆದವನ ಮಾತಿಗಿಂತ, ಸರಿಯಾದ ದಾರಿ ಯಾವುದೆಂದು ಬಲ್ಲವನು ಕೂಡಿ ಕಳೆದು ನೋಡಿ ಆಡಿದ ದ್ವೇಷದ ಮಾತು ನನಗೆ ಹೆಚ್ಚು ಭಯಂಕರವಾಗಿ ಕಾಣುತ್ತದೆ.

1962ರ ಚುನಾವಣೆಯಲ್ಲಿ ಗೆದ್ದು, 1963ರ ಜನವರಿ 14ರಂದು ಮಾಂಟ್‌ಗೊಮರಿಯಲ್ಲಿ ಅಧಿಕಾರ ಸ್ವೀಕರಿಸಿದಾಗ ಆತ ಆಡಿದ ಮಾತು ಜಗತ್ತಿಗೆಲ್ಲ ಕೇಳಿಸಿತು: ಇಂದಿಗೂ ಬೇರ್ಪಾಡು, ನಾಳೆಗೂ ಬೇರ್ಪಾಡು, ಎಂದೆಂದಿಗೂ ಬೇರ್ಪಾಡು. ಆ ಭಾಷಣವನ್ನು ಬರೆದುಕೊಟ್ಟವನು ಏಸಾ ಕಾರ್ಟರ್ ಎಂಬ ಕ್ಲಾನ್ ಕೂಟದ ಮನುಷ್ಯ. ಇವನ ಕಡೆಗೆ ಆಮೇಲೆ ಬರೋಣ. ಸಾಹಿತ್ಯಾಸಕ್ತರು ಇವನನ್ನು ಮರೆಯಬಾರದು. ಅದೇ ವರ್ಷ ಜೂನ್ 11ರಂದು ವಿವಿಯನ್ ಮಲೋನ್ ಮತ್ತು ಜೇಮ್ಸ್ ಹುಡ್ ಎಂಬ ಇಬ್ಬರು ಕಪ್ಪು ವಿದ್ಯಾರ್ಥಿಗಳು ಅಲಬಾಮ ವಿಶ್ವವಿದ್ಯಾನಿಲಯಕ್ಕೆ ಸೇರಲು ಬಂದಾಗ, ಗವರ್ನರ್ ತಾನೇ ಹೋಗಿ ಬಾಗಿಲಿಗೆ ಅಡ್ಡ ನಿಂತ. ಅಧ್ಯಕ್ಷ ಕೆನಡಿ ರಾಜ್ಯದ ಸೈನಿಕ ಪಡೆಯನ್ನು ಕೇಂದ್ರದ ವಶಕ್ಕೆ ತೆಗೆದುಕೊಂಡ ಮೇಲೆ ಪಕ್ಕಕ್ಕೆ ಸರಿದ. ಅದೊಂದು ನಾಟಕ ಎನ್ನೋಣ. ಆದರೆ ಸೆಪ್ಟೆಂಬರಿನಲ್ಲಿ ಆತ ಪತ್ರಿಕೆಯೊಂದರ ಮುಂದೆ, ಬಿಳಿಯರ ಶಾಲೆಗಳಿಗೆ ಕಪ್ಪು ಮಕ್ಕಳು ಸೇರುವುದು ನಿಲ್ಲಬೇಕಾದರೆ ಒಂದೆರಡು ಒಳ್ಳೆಯ ಶವಸಂಸ್ಕಾರಗಳು ಆಗಬೇಕು ಎಂಬರ್ಥದ ಮಾತಾಡಿದನೆಂದು ವರದಿಯಾಯಿತು. ಹದಿನೈದನೆಯ ತಾರೀಖು ಭಾನುವಾರ, ಬರ್ಮಿಂಗ್‌ಹ್ಯಾಮ್ ನಗರದ ಕಪ್ಪು ಜನರ ಚರ್ಚಿನಲ್ಲಿ ಬಾಂಬು ಸಿಡಿದು ನಾಲ್ವರು ಹುಡುಗಿಯರು ಸತ್ತರು. ಬಾಂಬು ಇಟ್ಟವರು ಕ್ಲಾನ್ ಕೂಟದವರು. ವ್ಯಾಲೇಸನ ಕೈ ಅದರಲ್ಲಿ ಇರಲಿಲ್ಲ. ಆದರೂ ಆ ಊರಿನ ತಾಯಂದಿರಿಗೆ ಆ ಮಾತೂ ಆ ಬಾಂಬೂ ಬೇರೆ ಬೇರೆಯಾಗಿ ಕಂಡಿರಲು ಸಾಧ್ಯವೆ?

1965ರ ಮಾರ್ಚ್ 7ರಂದು ಮತದ ಹಕ್ಕನ್ನು ಕೇಳಿ ಸೆಲ್ಮಾದಿಂದ ರಾಜಧಾನಿಯ ಕಡೆಗೆ ಹೊರಟ ಆರುನೂರು ಜನರನ್ನು ಎಡ್ಮಂಡ್ ಪೆಟಸ್ ಸೇತುವೆಯ ಬಳಿ ರಾಜ್ಯದ ಪೊಲೀಸರೂ ಷೆರಿಫ್ ಜಿಮ್ ಕ್ಲಾರ್ಕನ ಕಡೆಯವರೂ ಲಾಠಿಯಿಂದ ಹೊಡೆದು, ಅಶ್ರುವಾಯು ಬಿಟ್ಟು, ಕುದುರೆಗಳನ್ನು ನುಗ್ಗಿಸಿ ಚದುರಿಸಿದರು. ಮೆರವಣಿಗೆಯನ್ನು ನಿಷೇಧಿಸಿದ್ದವನು ಗವರ್ನರ್ ವ್ಯಾಲೇಸ್. ಮುಂಚೂಣಿಯಲ್ಲಿದ್ದ ಜಾನ್ ಲೂಯಿಸ್ ಎಂಬ ತರುಣನ ತಲೆಬುರುಡೆ ಬಿರಿಯಿತು. ದೂರದರ್ಶನದಲ್ಲಿ ಈ ದೃಶ್ಯವನ್ನು ಕಂಡು ದೇಶ ಬೆಚ್ಚಿತು. ಆಗಸ್ಟ್ 6ರಂದು ಅಧ್ಯಕ್ಷ ಜಾನ್ಸನ್ ಮತದಾನ ಹಕ್ಕುಗಳ ಕಾಯಿದೆಗೆ ಸಹಿ ಮಾಡಿದರು.

ನನ್ನ ಇಂದಿನ ಮಾತಿನ ತಿರುಳು ಇರುವುದು ಇಲ್ಲಿ. ಕಾಯಿದೆಗೆ ಮೊದಲು ಅಲಬಾಮದ ಅರ್ಹ ಕಪ್ಪು ಜನರಲ್ಲಿ ಶೇಕಡ 19.3 ಮಂದಿ ಮತದಾರರ ಪಟ್ಟಿಯಲ್ಲಿದ್ದರು. 1967ರ ಹೊತ್ತಿಗೆ ಶೇಕಡ 51.6 ಮಂದಿ. ಅಂಕಿಗಳು ನೀರಸವೆನ್ನುವವರು ಈ ಎರಡನ್ನು ಮಾತ್ರ ನೆನಪಿಡಬೇಕೆಂದು ನನ್ನ ಕೋರಿಕೆ. ಇವುಗಳ ನಡುವೆ ಏನೇನು ನಡೆಯಿತೆಂದು ನೋಡಿ. 1966ರ ಜನವರಿಯಲ್ಲಿ ಡೆಮಾಕ್ರಟಿಕ್ ಪಕ್ಷದ ಹುಂಜದ ಜೊತೆಗಿದ್ದ ಬಿಳಿಯರ ಮೇಲ್ಮೆಯ ಘೋಷಣೆ ಸದ್ದಿಲ್ಲದೆ ಮಾಯವಾಯಿತು. ಅದೇ ವರ್ಷ ಸೆಲ್ಮಾದ ಷೆರಿಫ್ ಕ್ಲಾರ್ಕ್, ಯಾರನ್ನು ತನ್ನವರಿಂದ ಹೊಡೆಸಿದ್ದನೋ ಅವರ ಮತಗಳಿಂದಲೇ ಸೋತು ಮನೆಗೆ ಹೋದ. ಗೆದ್ದ ವಿಲ್ಸನ್ ಬೇಕರ್ ಕೂಡ ಬಿಳಿಯನೇ. ಆದರೆ ಲಾಠಿಯ ಬದಲು ಮಾತಿನಿಂದ ಕೆಲಸ ಸಾಧಿಸಬಲ್ಲವನೆಂದು ಹೆಸರು ಪಡೆದಿದ್ದವನು. ಹೊಸ ಮತದಾರರು ಮೊದಲ ಅವಕಾಶದಲ್ಲೇ ತೋರಿಸಿದ ವಿವೇಕ ಇದು: ಇರುವ ಇಬ್ಬರಲ್ಲಿ ಯಾರು ತಮ್ಮನ್ನು ಹೊಡೆಯುವುದಿಲ್ಲ ಎಂದು ನೋಡಿದರು.

ಮನಃಪರಿವರ್ತನೆಯಾಗಿ ಮತದ ಹಕ್ಕು ಕೊಟ್ಟರು ಎಂದು ಹೇಳುವ ಚರಿತ್ರೆಕಾರರಿದ್ದಾರೆ. ನನಗೆ ಕಾಣುವ ಕ್ರಮ ಅದಕ್ಕೆ ತಿರುಗುಮುರುಗು. ಹಕ್ಕು ಮೊದಲು ಬಂತು. ಅದು ಬಂದದ್ದು ಏಟು ತಿಂದು, ಜೀವ ತೆತ್ತು. ಪಶ್ಚಾತ್ತಾಪ ಅದರ ಹಿಂದಿನಿಂದ, ಅದೂ ನಿಧಾನವಾಗಿ ನಡೆದುಬಂತು. ವ್ಯಾಲೇಸನ ವಿಷಯದಲ್ಲಂತೂ ತೀರ ನಿಧಾನ. 1968ರಲ್ಲಿ ಆತ ಹೊಸ ಪಕ್ಷ ಕಟ್ಟಿ ಅಧ್ಯಕ್ಷ ಪದವಿಗೆ ನಿಂತು, ದಕ್ಷಿಣದ ಐದು ರಾಜ್ಯಗಳನ್ನು ಗೆದ್ದ. 1970ರಲ್ಲಿ ಮತ್ತೆ ಗವರ್ನರ್ ಆಗಬೇಕೆಂದು ಆಲ್ಬರ್ಟ್ ಬ್ರೂವರ್ ವಿರುದ್ಧ ನಡೆಸಿದ ಪ್ರಚಾರ, ಎದುರಾಳಿಗೆ ಕಪ್ಪು ಜನರ ಮತ ಸಿಗುತ್ತದೆ ಎಂಬುದನ್ನೇ ಅಪರಾಧವೆಂಬಂತೆ ಬಿಳಿಯರ ಮುಂದೆ ಹಿಡಿದ ಹೀನ ಪ್ರಚಾರ. ಅದು ಫಲಿಸಿತು ಕೂಡ.

1972ರ ಮೇ 15ರಂದು ಮೇರಿಲ್ಯಾಂಡ್ ರಾಜ್ಯದ ಲಾರೆಲ್ ಎಂಬಲ್ಲಿ ಒಬ್ಬ ಬಿಳಿಯ ತರುಣ ಆತನಿಗೆ ಗುಂಡು ಹೊಡೆದ. ಸೊಂಟದಿಂದ ಕೆಳಗೆ ದೇಹ ಸ್ವಾಧೀನ ತಪ್ಪಿತು. ಮುಂದಿನ ಇಪ್ಪತ್ತಾರು ವರ್ಷ ಗಾಲಿಕುರ್ಚಿಯ ಬಾಳು. ಆಸ್ಪತ್ರೆಗೆ ನೋಡಲು ಬಂದವರಲ್ಲಿ ಶರ್ಲಿ ಚಿಸಮ್ ಒಬ್ಬರು. ಅಮೆರಿಕದ ಸಂಸತ್ತಿಗೆ ಆಯ್ಕೆಯಾದ ಮೊದಲ ಕಪ್ಪು ಮಹಿಳೆ, ಆ ವರ್ಷ ಅಧ್ಯಕ್ಷ ಪದವಿಗೆ ತಾವೂ ಸ್ಪರ್ಧಿಸಿದ್ದವರು. ಅವರ ಸ್ವಂತ ಬೆಂಬಲಿಗರೇ ಈ ಭೇಟಿಗಾಗಿ ಅವರ ಮೇಲೆ ಸಿಟ್ಟಾದರು. ನಿಮಗಾದದ್ದು ಯಾರಿಗೂ ಆಗಬಾರದು ಎಂದು ತಾವು ಹೇಳಿದಾಗ ವ್ಯಾಲೇಸ್ ಅತ್ತನೆಂದು ಚಿಸಮ್ ಮುಂದೆ ನೆನೆದಿದ್ದಾರೆ. ಮನೆಗೆಲಸದವರಿಗೆ ಕನಿಷ್ಠ ವೇತನ ದೊರಕಿಸುವ ಮಸೂದೆಗೆ ದಕ್ಷಿಣದ ಸದಸ್ಯರ ಮತ ಬೇಕಾದಾಗ ವ್ಯಾಲೇಸ್ ನೆರವಾದನೆಂದೂ ಅವರೇ ಹೇಳಿದ್ದಾರೆ. 1973ರಲ್ಲಿ, ಹತ್ತು ವರ್ಷದ ಹಿಂದೆ ಬಾಗಿಲಿಗೆ ಅಡ್ಡ ನಿಂತಿದ್ದ ಅದೇ ವಿಶ್ವವಿದ್ಯಾನಿಲಯದ ಉತ್ಸವದಲ್ಲಿ, ಕಪ್ಪು ವಿದ್ಯಾರ್ಥಿನಿಯೊಬ್ಬಳ ತಲೆಗೆ ಆತ ಕಿರೀಟ ತೊಡಿಸಿದ. 1979ರಲ್ಲಿ ಮಾಂಟ್‌ಗೊಮರಿಯ ಡೆಕ್ಸ್‌ಟರ್ ಅವೆನ್ಯೂ ಚರ್ಚಿಗೆ, ಅಂದರೆ ಮಾರ್ಟಿನ್ ಲೂಥರ್ ಕಿಂಗ್ ಹಿಂದೆ ಪಾದ್ರಿಯಾಗಿದ್ದ ಚರ್ಚಿಗೆ, ಹೋಗಿ ಸಭೆಯ ಮುಂದೆ ಕ್ಷಮೆ ಬೇಡಿದ. ಆ ವರ್ಷವೇ ಜಾನ್ ಲೂಯಿಸರನ್ನು ಕಂಡ. ಸೇತುವೆಯ ಬಳಿ ತಲೆ ಒಡೆಸಿಕೊಂಡಿದ್ದ ಲೂಯಿಸ್ ಕ್ಷಮಿಸಿದರು.

ಇದು ನಿಜವಾದ ಪಶ್ಚಾತ್ತಾಪವೋ ಮತದ ಲೆಕ್ಕಾಚಾರವೋ ಎಂದು ಅಂದಿನಿಂದ ಇಂದಿನವರೆಗೆ ವಾದ ನಡೆದಿದೆ. ಮನುಷ್ಯನ ಅಂತರಂಗವನ್ನು ಬಗೆದು ನೋಡುವ ಸಾಧನ ಚರಿತ್ರೆಕಾರನ ಬಳಿ ಇಲ್ಲ. ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಮತದಾರರ ಕಡೆ. 1982ರಲ್ಲಿ ಅವರು ಮಾಡಿದ್ದೇನು?

ಆ ವರ್ಷ ಅಲಬಾಮದಲ್ಲಿ ದುಡಿಯುವ ಕೈಗಳಲ್ಲಿ ಶೇಕಡ 14ರ ಆಸುಪಾಸು ನಿರುದ್ಯೋಗ. ಪಕ್ಷದೊಳಗಿನ ಚುನಾವಣೆಯಲ್ಲಿ ವ್ಯಾಲೇಸನ ಎದುರು ಜಾರ್ಜ್ ಮೆಕ್‌ಮಿಲನ್ ಎಂಬ ಉದಾರ ಮನೋಭಾವದ, ಹಳೆಯ ಪಾಪವಿಲ್ಲದ ತರುಣ ನಾಯಕನಿದ್ದ. ಕಪ್ಪು ಜನರ ನಾಯಕರನೇಕರು ಆತನಿಗೆ ಮತ ಕೊಡಿರೆಂದು ಕರೆ ಕೊಟ್ಟರು, ಬಹುಮಂದಿ ಹಾಗೆಯೇ ಮಾಡಿದರು. ಆದರೆ ಕಪ್ಪು ಮತಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ವ್ಯಾಲೇಸನಿಗೆ ಬಿತ್ತು. ಆತ ಗೆದ್ದದ್ದು ತೀರ ಸಣ್ಣ ಅಂತರದಿಂದಾದ್ದರಿಂದ, ಆ ಪಾಲು ಇಲ್ಲದಿದ್ದರೆ ಆತನ ರಾಜಕೀಯ ಅಲ್ಲಿಗೇ ಮುಗಿಯುತ್ತಿತ್ತು. ಮುಂದಿನ ಸಾರ್ವತ್ರಿಕ ಚುನಾವಣೆಯಲ್ಲಿ ಎದುರಾಳಿ ರಿಪಬ್ಲಿಕನ್ ಪಕ್ಷದ ಎಮರಿ ಫೋಲ್ಮರ್. ಮಾಂಟ್‌ಗೊಮರಿಯ ಮೇಯರ್, ಕಟ್ಟುನಿಟ್ಟಿನ ಪೊಲೀಸ್ ಆಡಳಿತಕ್ಕೆ ಹೆಸರಾದವನು. ಈಗ ಕಪ್ಪು ಮತದಾರರು ಬಹುತೇಕ ಒಟ್ಟಾಗಿ ವ್ಯಾಲೇಸನ ಕಡೆ ನಿಂತರು. ಬಡವರ ಪರ, ಶಾಲೆಗಳ ಪರ, ಕೂಲಿಗಾರರ ಪರ ಎಂಬ ಹಳೆಯ ಹೆಸರೂ ಆತನಿಗೆ ಇತ್ತು. ಆತ ಕಟ್ಟಿಸಿದ ಕಿರಿಯ ಕಾಲೇಜುಗಳಲ್ಲಿ ಅವರ ಮಕ್ಕಳೂ ಓದಿದ್ದರು.

ಹೊರಗಿನವರು ಇದನ್ನು ಕಂಡು ಬೆರಗಾದರು. ಕೆಲವರು ಕ್ರೈಸ್ತ ಧರ್ಮದ ಕ್ಷಮಾಗುಣ ಎಂದು ಹೊಗಳಿದರು. ಕೆಲವರು ಮರೆವು ಎಂದು ಮರುಗಿದರು. ಈ ಎರಡು ಮಾತುಗಳಲ್ಲೂ ಆ ಮತದಾರರ ಬಗೆಗೆ ಸ್ವಲ್ಪ ಅವಜ್ಞೆ ಅಡಗಿದೆ ಎಂದು ನನಗೆ ತೋರುತ್ತದೆ. ಮತ ಕೊಡುವುದೂ ಕ್ಷಮಿಸುವುದೂ ಒಂದೇ ಅಲ್ಲ. ಬರ್ಮಿಂಗ್‌ಹ್ಯಾಮಿನ ಆ ನಾಲ್ವರು ಹುಡುಗಿಯರ ಪರವಾಗಿ ಕ್ಷಮಿಸುವ ಅಧಿಕಾರ ಯಾವ ಮತದಾರನಿಗೂ ಇರಲಿಲ್ಲ. ತಮ್ಮ ರಸ್ತೆ, ತಮ್ಮ ಶಾಲೆ, ತಮ್ಮ ಕೆಲಸ ಇವುಗಳನ್ನು ಇಬ್ಬರಲ್ಲಿ ಯಾರಿಂದ ಪಡೆಯಬಹುದು ಎಂದು ತೀರ್ಮಾನಿಸುವ ಅಧಿಕಾರವಿತ್ತು, ಅದನ್ನು ಚಲಾಯಿಸಿದರು. ಒಳಗೊಳಗೆ ನಗುತ್ತ ಚಲಾಯಿಸಿದವರೂ ಇದ್ದಿರಬೇಕು. ಕೈಕಟ್ಟಿ ನಿಲ್ಲುವ ಸರದಿ ಈ ಸಲ ಯಾರದಾಗಿತ್ತು ನೋಡಿ!

ಸಾಲ ತೀರಿಸುವಂತೆ ವ್ಯಾಲೇಸ್ ಕೆಲವು ಕೆಲಸಗಳನ್ನು ಮಾಡಿದ. 1983ರಿಂದ 1987ರವರೆಗಿನ ತನ್ನ ಕೊನೆಯ ಅವಧಿಯಲ್ಲಿ ನೂರಕ್ಕೂ ಹೆಚ್ಚು ಕಪ್ಪು ಜನರನ್ನು ರಾಜ್ಯದ ಮಂಡಳಿಗಳಿಗೂ ಹುದ್ದೆಗಳಿಗೂ ನೇಮಿಸಿದ. ಅವುಗಳಲ್ಲಿ ನನ್ನ ಕಣ್ಣು ಹಿಡಿದು ನಿಲ್ಲಿಸುವ ನೇಮಕ ಯಾವುದೆಂದರೆ ಮತದಾರರ ನೋಂದಣಿ ಅಧಿಕಾರಿಗಳದು. ಕಪ್ಪು ನೋಂದಣಿ ಅಧಿಕಾರಿಗಳ ಸಂಖ್ಯೆ ಆತನ ಕಾಲದಲ್ಲಿ ಇಮ್ಮಡಿಯಾಯಿತು. ಪ್ರಶ್ನೆ ಕೇಳಿ ಹಿಂದಕ್ಕೆ ಕಳುಹಿಸುತ್ತಿದ್ದ ಆ ಮೇಜು ನೆನಪಿದೆಯಷ್ಟೆ? ಮೇಜಿನ ಈಚೆ ನಿಂತಿದ್ದವರು ಆಚೆಗೆ ಹೋಗಿ ಕುಳಿತರು. ಕ್ಷಮಾಪಣೆಯ ಹತ್ತು ಭಾಷಣಗಳಿಗಿಂತ ನಾನು ಇದಕ್ಕೆ ಹೆಚ್ಚು ಬೆಲೆ ಕಟ್ಟುತ್ತೇನೆ.

ವ್ಯಾಲೇಸ್ ಒಬ್ಬನದೇ ಕಥೆ ಇದಲ್ಲ. ಜಾರ್ಜಿಯಾದ ಜಿಮ್ಮಿ ಕಾರ್ಟರ್ 1970ರಲ್ಲಿ ವ್ಯಾಲೇಸನ ಅಭಿಮಾನಿಗಳ ಮತಕ್ಕೂ ಕೈ ಚಾಚಿ ಗವರ್ನರ್ ಆದರು. ಅಧಿಕಾರ ಸ್ವೀಕರಿಸಿದ ದಿನವೇ ವರ್ಣಭೇದದ ಕಾಲ ಮುಗಿಯಿತೆಂದು ಸಾರಿದರು. 1976ರಲ್ಲಿ ಅಧ್ಯಕ್ಷ ಪದವಿಗೆ ನಿಂತಾಗ, ಬಡಾವಣೆಗಳ ಜನಾಂಗ ಶುದ್ಧಿಯನ್ನು ಉಳಿಸಿಕೊಳ್ಳುವುದರಲ್ಲಿ ತಪ್ಪಿಲ್ಲವೆಂಬ ಮಾತು ಬಾಯಿಜಾರಿ ಬಂತು. ಕೆಲವೇ ದಿನಗಳಲ್ಲಿ ಕ್ಷಮೆ ಕೇಳಿದರು. ಮಾರ್ಟಿನ್ ಲೂಥರ್ ಕಿಂಗರ ವೃದ್ಧ ತಂದೆ ಅಟ್ಲಾಂಟಾದ ಸಭೆಯಲ್ಲಿ ಅವರ ಪಕ್ಕದಲ್ಲಿ ನಿಂತು ಕ್ಷಮಿಸಿದ್ದೇನೆಂದರು. ಕಪ್ಪು ಜನರ ಮತವಿಲ್ಲದೆ ಕಾರ್ಟರ್ ಆ ಚುನಾವಣೆ ಗೆಲ್ಲುತ್ತಿರಲಿಲ್ಲ. 2019ರಲ್ಲಿ ಜೋ ಬೈಡನ್, ಹಿಂದೆ ಬೇರ್ಪಾಡಿನ ಪರವಾಗಿದ್ದ ಸೆನೆಟರುಗಳೊಡನೆ ತಾವು ಸೌಜನ್ಯದಿಂದ ಕೆಲಸ ಮಾಡಿದ್ದನ್ನು ಮೆಚ್ಚಿಕೊಂಡು ಮಾತಾಡಿ ಟೀಕೆಗೆ ಗುರಿಯಾದರು. 2020ರ ಫೆಬ್ರವರಿಯಲ್ಲಿ ಸೋಲಿನ ಅಂಚಿನಲ್ಲಿದ್ದ ಅವರನ್ನು ಎತ್ತಿ ನಿಲ್ಲಿಸಿದವರು ದಕ್ಷಿಣ ಕೆರೊಲಿನದ ಕಪ್ಪು ಮತದಾರರು.

ಏಸಾ ಕಾರ್ಟರ್ ವಿಷಯ ಹೇಳುತ್ತೇನೆಂದಿದ್ದೆ. ಅಧ್ಯಕ್ಷ ಕಾರ್ಟರ್ ಅವರಿಗೂ ಇವನಿಗೂ ಸಂಬಂಧವಿಲ್ಲ. ವ್ಯಾಲೇಸನ ದ್ವೇಷ ಸಾಲದೆಂದು ಇವನು 1970ರಲ್ಲಿ ಆತನ ವಿರುದ್ಧವೇ ಚುನಾವಣೆಗೆ ನಿಂತು ಸೋತ. ಆಮೇಲೆ ಊರು ಬಿಟ್ಟು, ಫಾರೆಸ್ಟ್ ಕಾರ್ಟರ್ ಎಂದು ಹೆಸರು ಬದಲಿಸಿ, ತಾನು ಚೆರೋಕಿ ಮೂಲನಿವಾಸಿಯೆಂದು ಹೇಳಿಕೊಂಡು, ಅಜ್ಜ ಅಜ್ಜಿಯರ ಬಳಿ ಬೆಳೆದ ಬಾಲ್ಯದ ನೆನಪುಗಳೆಂಬ ಹೆಸರಿನಲ್ಲಿ ಒಂದು ಪುಸ್ತಕವನ್ನು 1976ರಲ್ಲಿ ಪ್ರಕಟಿಸಿದ. ಪ್ರೀತಿ, ಸಹನೆ, ನಿಸರ್ಗಗಳ ಪುಸ್ತಕವೆಂದು ಲಕ್ಷಾಂತರ ಜನ ಅದನ್ನು ಓದಿದರು. ಅವನು ಸತ್ತು ಹನ್ನೆರಡು ವರ್ಷಗಳಾದ ಮೇಲೆ, 1991ರಲ್ಲಿ, ಅದು ಭರದಿಂದ ಮಾರಾಟವಾಗುತ್ತಿದ್ದಾಗ ನಿಜ ಸಂಗತಿ ಎಲ್ಲೆಡೆ ಬಯಲಾಯಿತು. ಸತ್ಯಕಥೆಗಳ ಪಟ್ಟಿಯಲ್ಲಿದ್ದ ಪುಸ್ತಕವನ್ನು ಕಲ್ಪಿತ ಕಥೆಗಳ ಪಟ್ಟಿಗೆ ಸಾಗಿಸಿದರು. ಭಾಷಣ ಓದಿದವನು ತನ್ನ ಸ್ವಂತ ಹೆಸರಿನಲ್ಲಿಯೇ, ಗಾಲಿಕುರ್ಚಿಯಲ್ಲಿ ಬಂದು ನೊಂದವರಿಗೆ ಮುಖ ತೋರಿಸಬೇಕಾಯಿತು. ಬರೆದುಕೊಟ್ಟವನಿಗೆ ಆ ಕಷ್ಟ ಬರಲಿಲ್ಲ. ಓದುಗರಾದ ನಮಗೆ ಮತಪೆಟ್ಟಿಗೆ ಇಲ್ಲವಲ್ಲ!

ಸೆಲ್ಮಾ ಊರಿಗೆ ಮತ್ತೆ ಬರೋಣ. ಜೋ ಸ್ಮಿದರ್‌ಮನ್ ಎಂಬ ಬಿಳಿಯ 1964ರಲ್ಲಿ ಅಲ್ಲಿನ ಮೇಯರ್ ಆದ. 1965ರಲ್ಲಿ ಕಿಂಗರ ಹೆಸರನ್ನು ಹೇಳುವಾಗ ಕೊನೆಯ ಪದದ ಜಾಗದಲ್ಲಿ ಕಪ್ಪು ಜನರನ್ನು ಹೀಯಾಳಿಸುವ ಪದವೊಂದನ್ನು ಕ್ಯಾಮೆರಾದ ಮುಂದೆಯೇ ಆಡಿ, ನಾಲಿಗೆ ತಪ್ಪಿತು ಎಂದ. ಆದರೂ ಕಪ್ಪು ಜನರ ಬೀದಿಗಳಿಗೆ ಡಾಂಬರು ಹಾಕಿಸಿ, ಅವರ ಮತಗಳಲ್ಲೂ ಪಾಲು ಪಡೆದು, ನಡುವಿನ ಅಲ್ಪ ಬಿಡುವು ಬಿಟ್ಟರೆ 2000ದವರೆಗೆ ಆ ಕುರ್ಚಿಯಲ್ಲಿ ಕುಳಿತ. ಆ ವರ್ಷ ಮತದಾರರು ಅವನನ್ನು ಇಳಿಸಿ, ಜೇಮ್ಸ್ ಪರ್ಕಿನ್ಸರನ್ನು ಊರಿನ ಮೊದಲ ಕಪ್ಪು ಮೇಯರ್ ಆಗಿ ಆರಿಸಿದರು. ಮೂವತ್ತೈದು ವರ್ಷ ಕಾಯ್ದುಕೊಂಡಿದ್ದರು.

ವ್ಯಾಲೇಸ್ 1998ರ ಸೆಪ್ಟೆಂಬರ್ 13ರಂದು ತೀರಿಕೊಂಡ. ಬಾಗಿಲಲ್ಲಿ ತಡೆಯಲ್ಪಟ್ಟಿದ್ದ ಜೇಮ್ಸ್ ಹುಡ್ ಅಂತ್ಯಕ್ರಿಯೆಗೆ ಹೋಗಿದ್ದರು. ವಿವಿಯನ್ ಮಲೋನ್ ಅವರಿಗೆ ವ್ಯಾಲೇಸ್ ಕುಟುಂಬದ ಪ್ರತಿಷ್ಠಾನ 1996ರಲ್ಲಿಯೇ ಧೈರ್ಯಕ್ಕಾಗಿ ಪ್ರಶಸ್ತಿ ಕೊಟ್ಟಿತ್ತು. ಇನ್ನು ಆ 1965ರ ಕಾಯಿದೆ. ವರ್ಣಭೇದದ ಹಳೆಯ ದಾಖಲೆಯಿದ್ದ ರಾಜ್ಯಗಳು ಮತದಾನದ ನಿಯಮಗಳನ್ನು ಬದಲಿಸುವ ಮುನ್ನ ಕೇಂದ್ರದ ಒಪ್ಪಿಗೆ ಪಡೆಯಬೇಕೆಂದು ಅದು ವಿಧಿಸಿತ್ತು. ಯಾವ ಯಾವ ರಾಜ್ಯಗಳಿಗೆ ಇದು ಅನ್ವಯಿಸುತ್ತದೆಂದು ನಿರ್ಧರಿಸುತ್ತಿದ್ದ ಸೂತ್ರವನ್ನು 2013ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ, ಐವರು ಒಂದು ಕಡೆ ನಾಲ್ವರು ಇನ್ನೊಂದು ಕಡೆ ಆದ ತೀರ್ಪಿನಲ್ಲಿ, ರದ್ದುಮಾಡಿತು. ಕಾಲ ಬದಲಾಗಿದೆ ಎಂಬುದು ಬಹುಮತದ ವಾದ. ಮೊಕದ್ದಮೆ ಹೂಡಿದ್ದು ಶೆಲ್ಬಿ ಎಂಬ ಕೌಂಟಿ. ಅದು ಇರುವುದು ಅಲಬಾಮದಲ್ಲಿ.